ಐದು ಕೋವಿಯ ಉಕ್ಕಿನ ಬೀರು: ಕೊಡಗು, ಮಲೆನಾಡಿನ ಮನೆಗೆ ಆದೀತೇ?

ಕೋವಿ ಕಳ್ಳರ ಕೈಗೂ ಮಕ್ಕಳ ಕೈಗೂ ಸಿಗದಂತೆ ಇಡಲು ಈ ಬೀರು ಸಾಕು. ಆದರೆ ತಂದ ಹಾಗೆಯೇ ಮೂಲೆಯಲ್ಲಿ ನಿಲ್ಲಿಸಿ ಕೋವಿ ಇಟ್ಟರೆ, ಒಂದೇ ಮಳೆಗಾಲದಲ್ಲಿ ನಳಿಗೆಯ ಮೇಲೆ ಕೆಂಪು ಚುಕ್ಕೆ ಏಳುತ್ತದೆ. ಒಣ ಹವೆಯ ಊರಿಗೆ ಮಾಡಿದ ವಸ್ತು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಕಡೆಯ ಮನೆಗೆ ಒಗ್ಗಬೇಕಾದರೆ ಕೆಲವು ತಿದ್ದುಪಡಿ ಬೇಕೇ ಬೇಕು.

ಇಲ್ಲಿ ನೋಡುತ್ತಿರುವುದು ಮಾರುಕಟ್ಟೆಯಲ್ಲಿ ‘ಐದು ಕೋವಿಯದು’ ಎಂದು ಮಾರುವ ಸಾಮಾನ್ಯ ಮಾದರಿ. ಹೊರ ಅಳತೆ 1500 ಮಿ.ಮೀ. ಎತ್ತರ, 350 ಅಗಲ, 300 ಆಳ. ಬಾಗಿಲಿಗೆ ಮೇಲೊಂದು ಕೆಳಗೊಂದು ಲಿವರ್ ಬೀಗ, ಒಳಗೆ ಮೇಲ್ಭಾಗದಲ್ಲಿ ತೋಟಾಗಳಿಗೆಂದು ಬೇರೆ ಬೀಗದ ಪುಟ್ಟ ಪೆಟ್ಟಿಗೆ, ನಳಿಗೆ ಒರಗಿಸಲು ಸ್ಪಂಜಿನ ಪಟ್ಟಿ. ಇದೇ ಅಳತೆಯದನ್ನು ವೆಲ್ಡಿಂಗ್ ವರ್ಕ್‌ಶಾಪಿನಲ್ಲೂ ಮಾಡಿಸಬಹುದು.

ಐದು ಎನ್ನುವುದು ಹೆಸರಿಗೆ ಮಾತ್ರ. 350 ಮಿ.ಮೀ. ಅಗಲವನ್ನು ಐದರಿಂದ ಭಾಗಿಸಿದರೆ ಕೋವಿಗೆ ಸಿಗುವುದು 70 ಮಿ.ಮೀ. ರೈಫಲಿನ ಬೋಲ್ಟಿನ (ತೋಟಾ ಒಳತಳ್ಳುವ ಸರಿಗೂಟದ) ಹಿಡಿ, ಹೆಗಲಪಟ್ಟಿ, ಹೊರಗೆ ಕುದುರೆ (ಹ್ಯಾಮರ್) ಇರುವ ಹಳೆಯ ಜೋಡು ನಳಿಗೆ ಎಲ್ಲ ಸೇರಿದರೆ ಮೂರು ಕೋವಿ ಹಾಯಾಗಿ ನಿಲ್ಲುತ್ತವೆ, ನಾಲ್ಕನೆಯದು ಪಕ್ಕದ್ದಕ್ಕೆ ಉಜ್ಜುತ್ತದೆ. ಎತ್ತರವನ್ನೂ ಅಳೆದೇ ಕೊಳ್ಳಬೇಕು. ಒಳಪೆಟ್ಟಿಗೆ ಪೂರ್ತಿ ಅಗಲಕ್ಕೆ ಕೂತಿದ್ದರೆ ಕೋವಿಗೆ ಉಳಿಯುವುದು 1280 ಮಿ.ಮೀ. ಆಸುಪಾಸು. 30 ಇಂಚು ನಳಿಗೆಯ 12 ಬೋರ್ ಕೋವಿ ಸುಮಾರು 1200 ಮಿ.ಮೀ. ಇರುವುದರಿಂದ ಅದಕ್ಕೆ ತೊಂದರೆಯಿಲ್ಲ, ಇಶಾಪುರ ಕಾರ್ಖಾನೆಯ .315 ರೈಫಲ್ ಅದಕ್ಕಿಂತ ಗಿಡ್ಡ. ಹಳೆಯ ಸೈನ್ಯದ ಕೋವಿ ಎಂದೊಡನೆ ನೆನಪಾಗುವ .303 ಲೀ-ಎನ್‌ಫೀಲ್ಡ್ 1132 ಮಿ.ಮೀ. ಇದ್ದರೂ ಅದು ನಮ್ಮಲ್ಲಿ ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ಪೇಚು ಬರುವುದು ತಲೆಮಾರಿನಿಂದ ಬಂದ ಕೇಪಿನ ಕೋವಿಗೆ, ಅಂದರೆ ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವ ಹಳೆಯ ಕೋವಿಗೆ. 1853ರ ಮಾದರಿಯ ಎನ್‌ಫೀಲ್ಡ್ 1397 ಮಿ.ಮೀ. ಉದ್ದ. ಅಂಥದ್ದು ಮನೆಯಲ್ಲಿದ್ದರೆ ಒಳಪೆಟ್ಟಿಗೆ ಅರ್ಧ ಅಗಲಕ್ಕಷ್ಟೇ ಇರುವ ಬೀರನ್ನೇ ಕೇಳಿ. ಓರೆಯಾಗಿ ತುರುಕಿದರೆ ನೂರೈವತ್ತು ವರ್ಷದ ಮರ ಹಿಡಿಯ ಬಳಿ ಸೀಳುತ್ತದೆ.

ಶೀಟಿನ ದಪ್ಪದ ವಿಷಯದಲ್ಲಿ ಮಾರುವವರ ಮಾತು ನಂಬಬೇಡಿ, ತೂಕ ಹಾಕಿಸಿ. ಬ್ರಿಟನ್ನಿನ ಕೋವಿ ಬೀರುಗಳ ಮಾನದಂಡ ಬಿ.ಎಸ್. 7558 ಕೇಳುವುದು ಕನಿಷ್ಠ 2 ಮಿ.ಮೀ. ಅದಕ್ಕಿಂತ ಕಡಿಮೆಯದನ್ನು ಕೋವಿ ಬೀರು ಎಂದು ಕರೆಯುವುದೇ ತಪ್ಪು. 2 ಮಿ.ಮೀ. ಉಕ್ಕು ಚದರ ಮೀಟರಿಗೆ ಸುಮಾರು 15.7 ಕೆ.ಜಿ. ತೂಗುತ್ತದೆ. ಈ ಅಳತೆಯ ಬೀರಿನ ಮೈ ಎಲ್ಲ ಸೇರಿ 2.16 ಚದರ ಮೀಟರ್, ಅಂದರೆ ಬೀಗ, ಒಳಪೆಟ್ಟಿಗೆ ಬಿಟ್ಟು 34 ಕೆ.ಜಿ. ಬರಲೇಬೇಕು. ತಕ್ಕಡಿ 22-23 ಕೆ.ಜಿ. ತೋರಿಸಿದರೆ ಅದು 1.2 ಮಿ.ಮೀ.ನ ಬಟ್ಟೆ ಬೀರು, ಬಣ್ಣ ಮಾತ್ರ ಬೇರೆ. ಆಮೇಲೆ ಬಾಗಿಲು ಮುಚ್ಚಿ ಸಂದು ನೋಡಿ. 2 ಮಿ.ಮೀ.ಗಿಂತ ಅಗಲವಿದ್ದರೆ ಹಾರೆಯ ಮೊನೆ ಹೋಗುತ್ತದೆ. ಹಿಂಜ್ ಹೊರಗಿದ್ದರೆ, ಹಿಂಜಿನ ಕಡೆಯೂ ಚೌಕಟ್ಟಿನೊಳಗೆ ಸಿಕ್ಕಿಕೊಳ್ಳುವ ಉಕ್ಕಿನ ಪಟ್ಟಿ ಬಾಗಿಲಿಗೆ ಬೆಸುಗೆಯಾಗಿದೆಯೇ ಎಂದು ಬೆರಳಾಡಿಸಿ ನೋಡಿ. ಅದಿಲ್ಲದಿದ್ದರೆ ಹಿಂಜ್ ಕೊಯ್ದರೆ ಸಾಕು, ಬೀಗ ಮುಟ್ಟದೆಯೇ ಬಾಗಿಲು ಕೈಗೆ ಬರುತ್ತದೆ. ಬೆಂಕಿಯಿಂದ ರಕ್ಷಣೆ ಈ ದರ್ಜೆಯಲ್ಲಿ ಇಲ್ಲವೇ ಇಲ್ಲ, ನಿರೀಕ್ಷಿಸಲೂಬೇಡಿ.

ಬೀಗ ಏಳು ಲಿವರಿನ ಕೀಲಿಯದೇ ಒಳ್ಳೆಯದು. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಬೀಗದಲ್ಲಿ ಸೆಲ್‌ಗಳು ಥಂಡಿಗೆ ಸೋರಿ ತಾಮ್ರದ ತುದಿ ಹಸಿರುಗಟ್ಟುತ್ತದೆ. ಅದನ್ನೇ ಕೊಂಡರೆ ಮೇ ಕೊನೆಯಲ್ಲಿ ಸೆಲ್ ಬದಲಿಸಿ, ತುರ್ತು ಕೀಲಿಯನ್ನು ಬೀರಿನೊಳಗೆ ಮಾತ್ರ ಇಡಬೇಡಿ. ದೇವರ ಕೋಣೆಯ ಮೊಳೆ, ಬಾಗಿಲಿನ ಮೇಲಿನ ಪಟ್ಟಿ, ಅಕ್ಕಿ ಡಬ್ಬಿ ಇವೆಲ್ಲ ಮನೆ ಮಕ್ಕಳಿಗೆ ಗೊತ್ತಿರುವ ಜಾಗಗಳು. ಬೀಗದ ಕೈ ಲೈಸೆನ್ಸುದಾರರ ಮೈಮೇಲಿರಲಿ.

ಇನ್ನು ನಿಲ್ಲಿಸುವ ಕೆಲಸ. ನಮ್ಮ ಹಳೆಯ ಮನೆಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಬೀರಿನ ಜೊತೆ ಕೊಡುವ ಪ್ಲಾಸ್ಟಿಕ್ ಪ್ಲಗ್ಗು, ಸ್ಕ್ರೂಗಳು ಮಣ್ಣಿನ ಗೋಡೆಯಲ್ಲಿ ಹಿಡಿಯುವುದಿಲ್ಲ, ಎರಡು ಸಲ ಅಲ್ಲಾಡಿಸಿದರೆ ಪುಡಿ ಉದುರಿ ಕೈಗೆ ಬರುತ್ತವೆ. 38 ಕೆ.ಜಿ.ಯ ಬೀರನ್ನು ಇಬ್ಬರು ಹೊತ್ತು ಜೀಪಿಗೆ ಹಾಕಿಕೊಳ್ಳುವುದು ದೊಡ್ಡ ಮಾತೇನಲ್ಲ. ಕಾಂಕ್ರೀಟ್ ನೆಲ, ಗೋಡೆಗಾದರೆ ನಾಲ್ಕು ಎಂ10 ಆಂಕರ್ ಬೋಲ್ಟು, 100 ಮಿ.ಮೀ. ಉದ್ದದವು ಸಾಕು. ಮಣ್ಣು ಅಥವಾ ಜಂಬಿಟ್ಟಿಗೆಯ ಗೋಡೆಗಾದರೆ ಆರಪಾರ ತೂತು ಕೊರೆದು, ಆಚೆ ಬದಿಗೆ 6 ಮಿ.ಮೀ. ದಪ್ಪದ ಅಂಗೈ ಅಗಲದ ಉಕ್ಕಿನ ತಗಡು ಕೊಟ್ಟು ಎಂ12 ರಾಡ್ ಬಿಗಿಸಿ. ನಟ್ಟು ಬೀರಿನೊಳಗೆ ಬರಬೇಕು, ಆಚೆ ಬದಿಯ ತುದಿ ತಗಡಿಗೆ ಬೆಸುಗೆಯಾಗಿರಬೇಕು.

ಮಳೆ ಹೊಡೆಯುವ ನೈರುತ್ಯದ ಗೋಡೆಗೆ, ಬಚ್ಚಲಿನ ಗೋಡೆಗೆ ಬೀರು ಆನಿಸಲೇಬೇಡಿ. ಒಳಗೋಡೆಯೇ ಬೇಕು. ಕೆಳಗೆ 50 ಮಿ.ಮೀ. ಗಟ್ಟಿಮರದ ಪಟ್ಟಿ ಇಟ್ಟು ನೆಲದ ಥಂಡಿಯಿಂದ ಎತ್ತಿ. ಗೋಡೆಗೂ ಬೀರಿಗೂ ನಡುವೆ ಗಾಳಿ ಬೇಕೆಂದು ದೊಡ್ಡ ಸಂದು ಬಿಟ್ಟರೆ ಹಾರೆಗೆ ದಾರಿಯಾಗುತ್ತದೆ. ಪ್ರತಿ ಬೋಲ್ಟಿನ ಜಾಗದಲ್ಲಿ 6 ಮಿ.ಮೀ. ನೈಲಾನ್ ವಾಷರ್ ಕೊಟ್ಟು ಬಿಗಿಸಿದರೆ ಎರಡೂ ನಡೆಯುತ್ತದೆ.

ಒಳಗಿನ ತೇವದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಆರ್ದ್ರತೆ ಶೇ. 60 ದಾಟಿದ ಮೇಲೆ ಉಕ್ಕಿಗೆ ತುಕ್ಕು ವೇಗವಾಗಿ ಹತ್ತುತ್ತದೆ. ತೀರಾ ಕೆಳಗಿಳಿಸಿದರೆ ಮರ ಬಿರಿಯುತ್ತದೆ. ಶೇ. 45ರಿಂದ 55ರ ನಡುವೆ ಇದ್ದರೆ ಎರಡಕ್ಕೂ ಕ್ಷೇಮ. 20 ಡಿಗ್ರಿಯಲ್ಲಿ ಶೇ. 90 ಆರ್ದ್ರತೆ ಇದ್ದಾಗಲೂ ಈ ಬೀರಿನೊಳಗಿನ ಗಾಳಿಯಲ್ಲಿರುವ ನೀರು ಸುಮಾರು ಎರಡೂವರೆ ಗ್ರಾಂ ಅಷ್ಟೇ. ಅರ್ಧ ಕಿಲೋ ಸಿಲಿಕಾ ಜೆಲ್ ನೂರು ಗ್ರಾಂ ನೀರನ್ನಾದರೂ ಕುಡಿಯುತ್ತದೆ. ಹಾಗಿದ್ದೂ ವಾರದೊಳಗೆ ಜೆಲ್ ಬಣ್ಣ ಬದಲಾಯಿಸಿದರೆ ನೀರು ಹೊರಗಿನಿಂದ ಬರುತ್ತಿದೆ ಎಂದೇ ಅರ್ಥ: ಬಾಗಿಲಿನ ಸಂದು, ಬಳಸದ ಬೋಲ್ಟ್ ತೂತು, ಬೀಗದ ರಂಧ್ರ. ಬಾಗಿಲಿನ ಸುತ್ತ ರಬ್ಬರ್ ಬೀಡಿಂಗ್ ಅಂಟಿಸಿ, ತೂತುಗಳನ್ನು ಸಿಲಿಕೋನ್‌ನಿಂದ ಮುಚ್ಚಿ. ಜೆಲ್ ಮತ್ತೆ ಮತ್ತೆ ಕೊಳ್ಳಬೇಕಿಲ್ಲ, 120 ಡಿಗ್ರಿ ಓವನ್‌ನಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಮೊದಲಿನಂತಾಗುತ್ತದೆ. ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆಮನೆಗೆ ಬರುವ ವಸ್ತುವಲ್ಲ.

ಕರೆಂಟಿನ ಬಿಸಿ ಕಡ್ಡಿ, 12ರಿಂದ 25 ವಾಟಿನದು, ತಳದಲ್ಲಿ ಹಾಕುವುದುಂಟು. ಒಳಗಿನ ಗಾಳಿ 20ರಿಂದ 25 ಡಿಗ್ರಿಗೆ ಏರಿದರೆ ಶೇ. 90 ಇದ್ದ ಆರ್ದ್ರತೆ ಶೇ. 66ಕ್ಕೆ ಇಳಿಯುತ್ತದೆ. ಒಳ್ಳೆಯದೇ, ಆದರೆ ಅದೊಂದರಿಂದ ಆಗದು. ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಕಡ್ಡಿ ತಣ್ಣಗಾಗಿ ಉಕ್ಕು ಬೆವರುತ್ತದೆ. ಜೆಲ್ ಜೊತೆಗಿರಲೇಬೇಕು. ಆರ್ದ್ರತೆ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಕಣ್ಣಿನ ಮಟ್ಟಕ್ಕೆ ತೂಗುಹಾಕಿ.

ಈ ಬೀರಿನ ದೊಡ್ಡ ದೋಷ ಆ ಸ್ಪಂಜು. ತೇವ ಹೀರಿ ಇಟ್ಟುಕೊಳ್ಳುತ್ತದೆ, ಕೆಲವು ವರ್ಷಕ್ಕೆ ಅಂಟಂಟಾಗಿ ನಳಿಗೆಗೆ ಮೆತ್ತುತ್ತದೆ. ತಂದ ದಿನವೇ ಕಿತ್ತು, ವಾರ್ನಿಷ್ ಮಾಡಿದ ಸಾಗುವಾನಿ ಪಟ್ಟಿಗೆ ಅರ್ಧಚಂದ್ರ ಕೊಯ್ದು ಹಾಕಿಸಿ. ಕೋವಿಯನ್ನು ಚರ್ಮದ, ಕ್ಯಾನ್‌ವಾಸಿನ ಚೀಲದಲ್ಲಿ ಹಾಕಿ ಬೀರಿನಲ್ಲಿಡುವ ಪದ್ಧತಿಯನ್ನೂ ಬಿಡಿ. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ಖನಿಜ ಎಣ್ಣೆಯ ತೆಳು ಪದರ ಸಾಕು. ಎಣ್ಣೆ ಹಚ್ಚಿದ ಮೇಲೆ ನಳಿಗೆಯ ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಿ. ಬಟ್ಟು (ಹೆಗಲಿಗೆ ಆನಿಸುವ ಮರದ ತುದಿ) ಕೆಳಗಿದ್ದರೆ ಎಣ್ಣೆ ಇಳಿದು ಮರದ ಕುತ್ತಿಗೆಯನ್ನು ಕೊಳೆಸುತ್ತದೆ. ಕರಿಮದ್ದು ಹಾರಿಸಿದ ಕೇಪಿನ ಕೋವಿಗೆ ಮೊದಲು ಬಿಸಿನೀರು, ಒಣಗಿದ ಮೇಲೆ ಎಣ್ಣೆ. ಮದ್ದಿನ ಉಪ್ಪು ಎಣ್ಣೆಗೆ ಕರಗುವುದಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಹಚ್ಚಿದ ಗಂಧ, ಕೋವಿಗೆ ಮುಡಿಸುವ ತೋಕ್‌ಪೂ ಹೂವಿನ ರಸವನ್ನು ಅಂದೇ ಸಂಜೆ ಒರೆಸಿ, ಆಮೇಲೆ ಬೀಗ ಹಾಕಿ. ಚುನಾವಣೆಗೆ ಠಾಣೆಯಲ್ಲಿಟ್ಟು ವಾಪಸು ತಂದ ಕೋವಿಯನ್ನೂ ಪೂರ್ತಿ ಬಿಚ್ಚಿ ನೋಡದೆ ಒಳಗಿಡಬೇಡಿ.

ಒಳಗಿಡುವ ಪ್ರತಿ ಕೋವಿ ಖಾಲಿ ಇರಬೇಕು. ಜೋಡು ನಳಿಗೆಯನ್ನು ಮಡಚಿ ತೆರೆದು ನೋಡಿದರೆ ತಿಳಿಯುತ್ತದೆ. ಕೇಪಿನ ಕೋವಿಯಲ್ಲಿ ಅಜ್ಜನ ಕಾಲದ ಮದ್ದು ಇನ್ನೂ ಕೂತಿರಬಹುದು. ನಿಪ್ಪಲ್ (ನಳಿಗೆಯ ಬುಡದಲ್ಲಿ ಕೇಪು ಕೂರುವ ಮೊಳೆ) ಮೇಲೆ ಕೇಪು ಇಲ್ಲವೆಂದು ಖಚಿತಪಡಿಸಿಕೊಂಡು, ಬಾಯಿಯ ಎದುರಿಗೆ ಬಾರದೆ ಗಜವನ್ನು (ಮದ್ದು ಜಡಿಯುವ ಸಲಾಕೆಯನ್ನು) ಒಳಗಿಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ತುದಿ ನಿಪ್ಪಲಿನ ಹತ್ತಿರಕ್ಕೆ ತಲುಪದೆ ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಮದ್ದಿದೆ. ಮುಂದಿನದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ.

ತೋಟಾ ಮತ್ತು .315ರ ಬೋಲ್ಟು ಒಳಪೆಟ್ಟಿಗೆಯಲ್ಲಿ, ಬೇರೆ ಕೀಲಿಯಲ್ಲಿ. ಕರಿಮದ್ದನ್ನು ಮಾತ್ರ ಈ ಬೀರಿನಲ್ಲಿ ಇಡಕೂಡದು. ಬೆಂಕಿ ತಗುಲಿದರೆ ಬಿಗಿಯಾಗಿ ಮುಚ್ಚಿದ ಉಕ್ಕಿನ ಪೆಟ್ಟಿಗೆ ಬಾಂಬಿನಂತೆ ಸಿಡಿಯುತ್ತದೆ. ಅದಕ್ಕೆ ಬೀಗ ಹಾಕುವ ಮರದ ಪೆಟ್ಟಿಗೆ, ಒಲೆಯಿಂದ ದೂರ.

ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ. ಜೋಪಾನದ ಹೊಣೆಗೆ ವಿನಾಯಿತಿ ಇಲ್ಲ. ಮನೆಯಲ್ಲಿ ಯಾರಾದರೂ ತೀರಾ ಮನಸ್ಸು ಕುಗ್ಗಿ ಕೂತಿದ್ದರೆ ಈ ಬೀರನ್ನೂ ನಂಬಬೇಡಿ, ಕೋವಿಗಳನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ರಸೀದಿ ಪಡೆದು ಠೇವಣಿ ಇಡಿ. ಕೋವಿಗಳ ನಂಬರು, ಫೋಟೊ, ಆ ರಸೀದಿ, ವಿನಾಯಿತಿ ಪತ್ರದ ಪ್ರತಿ ಬೀರಿನ ಹೊರಗೆ, ಬೇರೆ ಜಾಗದಲ್ಲಿರಲಿ.