ಡೇಟಾಬೇಸ್ ಕಲಿಯಲು ಮಂಗಳೂರಿನ ಹಂಪನಕಟ್ಟೆಯ ಕ್ಲಾಸೋ, ಮನೆಯ ಲ್ಯಾಪ್‌ಟಾಪೋ?

ಎರಡೂ ಮಾಡಿ ನೋಡಿದ್ದೇನೆ. ನನ್ನ ಓಟು ಮನೆಗೇ: ಐಐಟಿಗಳ ಆನ್‌ಲೈನ್ ಕೋರ್ಸ್ ತಾಣವಾದ ಎನ್‌ಪಿಟಿಇಎಲ್‌ನ ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆ) ಪಾಠ, ಜೊತೆಗೆ ಹಳೇ ಲ್ಯಾಪ್‌ಟಾಪಿನಲ್ಲಿ ಡೇಟಾಬೇಸ್ ಸಾಫ್ಟ್‌ವೇರ್ ಆದ ಪೋಸ್ಟ್‌ಗ್ರೆಸ್. ಹಂಪನಕಟ್ಟೆಯ ಕ್ಲಾಸಿಗೆ ಕಟ್ಟಿದ ಫೀಸು ಹೋಯಿತು, ಬಿಡಿ.

ಮೇಷ್ಟ್ರು ಒಳ್ಳೆಯವರೇ. ತಲೆನೋವು ಲ್ಯಾಬಿನದ್ದು. ಅಲ್ಲಿನ ಕಂಪ್ಯೂಟರ್‌ಗಳು ರೀಸ್ಟಾರ್ಟ್ ಆದರೆ ನಾವು ಮಾಡಿದ್ದೆಲ್ಲ ಅಳಿಸಿಹೋಗುವ ಹಾಗೆ ಸೆಟ್ ಮಾಡಿದ್ದರು. ವೈರಸ್ ಭಯವಂತೆ. ಪೆನ್‌ಡ್ರೈವ್ ಹಾಕುವಂತಿಲ್ಲ, ಇಂಟರ್‌ನೆಟ್ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ಗೊತ್ತೇ ಇದೆ ಅಲ್ವಾ? ಅರ್ಧ ಕ್ಲಾಸಿನಲ್ಲೇ ಟೇಬಲ್‌ಗಳು (ಡೇಟಾ ಇಡುವ ಪಟ್ಟಿಗಳು) ಮಾಯ. ಮರುದಿನ ಮತ್ತೆ ಟೇಬಲ್ ಮಾಡುವ ‘ಕ್ರಿಯೇಟ್ ಟೇಬಲ್’ ಕಮಾಂಡಿನಿಂದಲೇ ಶುರು.

ಇದು ಬರೀ ಟೈಪಿಂಗ್ ದಂಡವಾಗಿದ್ದರೆ ಸುಮ್ನೆ ಇರುತ್ತಿದ್ದೆ. ಆದರೆ ಡಿಸೈನ್ ಕಲಿಯುವುದೇ ನಿನ್ನೆಯ ಟೇಬಲ್ ಇವತ್ತು ಕಾಟ ಕೊಟ್ಟಾಗ. ಮನೆಯಲ್ಲಿ ಯಕ್ಷಗಾನದ ಹರಕೆ ಆಟಗಳ (ಭಕ್ತರು ಹರಕೆ ಹೊತ್ತು ಆಡಿಸುವ ಪ್ರದರ್ಶನ) ಬುಕಿಂಗಿಗೆ ಟೇಬಲ್ ಮಾಡಿದೆ. ಕಟೀಲು ದೇವಸ್ಥಾನದ ಮೇಳಗಳೇ (ಯಕ್ಷಗಾನ ತಂಡಗಳು) ಹಲವು, ಒಂದೇ ರಾತ್ರಿ ಬೇರೆ ಬೇರೆ ಊರಲ್ಲಿ ಆಟ. ಹಾಗಾಗಿ ತಾರೀಕೊಂದೇ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯೆಂದು ಗುರುತಿಸುವ ಕಾಲಂ) ಆಗದು, ಮೇಳವೂ ಸೇರಬೇಕು. ಒಂದಷ್ಟು ಬುಕಿಂಗ್ ತುಂಬಿಸಿದ ಮೇಲೆ ಫೋನ್ ನಂಬರಿನ ಕಾಲಂ ಸೇರಿಸಲು ಹೊರಟೆ, ನಾಟ್ ನಲ್ (ಖಾಲಿ ಬಿಡುವಂತಿಲ್ಲ) ಎಂದು. ಪೋಸ್ಟ್‌ಗ್ರೆಸ್ ಒಪ್ಪಲಿಲ್ಲ: ಹಳೇ ಸಾಲುಗಳಲ್ಲಿ ನಂಬರೇ ಇಲ್ಲವಲ್ಲ! ಮೊದಲು ಖಾಲಿ ಬಿಡಲು ಅವಕಾಶ ಕೊಟ್ಟು, ನಂಬರ್ ತುಂಬಿ, ಆಮೇಲೆ ನಾಟ್ ನಲ್ ಹಾಕಬೇಕು. ಲ್ಯಾಬಿನ ಖಾಲಿ ಟೇಬಲ್‌ನಲ್ಲಿ ಅದೇ ಕಮಾಂಡ್ ಸಲೀಸಾಗಿ ಓಡುತ್ತದೆ, ಏನೂ ಗೊತ್ತಾಗುವುದಿಲ್ಲ.

ಎನ್‌ಪಿಟಿಇಎಲ್ ಪಾಠ ಐಐಟಿಯವರದ್ದು, ಇಂಗ್ಲಿಷಿನಲ್ಲಿದೆ, ಥಿಯರಿ ಜಾಸ್ತಿ. ರಿಲೇಶನಲ್ ಆಲ್ಜೀಬ್ರಾ (ಟೇಬಲ್‌ಗಳ ಮೇಲಿನ ಗಣಿತ) ಬಂದಾಗ ನಿದ್ದೆ ಬರುತ್ತದೆ. ಆದರೆ ನಾರ್ಮಲೈಸೇಶನ್ (ಒಂದೇ ಮಾಹಿತಿ ಎರಡೆರಡು ಕಡೆ ಬಾರದಂತೆ ಟೇಬಲ್ ವಿಂಗಡಿಸುವುದು) ಭಾಗ ಬಿಡಬೇಡಿ. ನೋಡುವುದಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಫೀಸು ಕಟ್ಟಿ ಪರೀಕ್ಷೆ ಬರೆಯಬೇಕು, ಅದೂ ಸೆಂಟರಿಗೇ ಹೋಗಿ. ಪೋಸ್ಟ್‌ಗ್ರೆಸ್ ಅಂತೂ ಪೂರ್ತಿ ಫ್ರೀ.

ಕ್ಲಾಸು ಗೆಲ್ಲುವುದು ಒಂದರಲ್ಲಿ: ಜಾವಾ ಪ್ರೋಗ್ರಾಂನಿಂದ ಡೇಟಾಬೇಸಿಗೆ ಕನೆಕ್ಷನ್ ಆಗದೆ ಒದ್ದಾಡುವಾಗ ಪಕ್ಕದಲ್ಲಿ ಕೇಳಲು ಜನ ಇರುತ್ತಾರೆ. ಮನೆಯಲ್ಲಿ ಅದಕ್ಕೇ ಒಂದು ರಾತ್ರಿ ಹೋಗಬಹುದು.

ನಾನು ಬೆಳಿಗ್ಗೆ ಬೇಗ ಏಳುವವನು, ಹಾಗಾಗಿ ಮನೆಯ ಕಲಿಕೆಯೇ ನನಗೆ ಸರಿ. ಸಂಜೆ ಸುರತ್ಕಲ್ ಬಸ್ಸಿನಲ್ಲಿ ನಿಂತು ಬಂದ ಮೇಲೆ ಓದು ತಲೆಗೆ ಹತ್ತುವುದಿಲ್ಲ. ಯಾರಾದರೂ ಹಿಂದೆ ಬಿದ್ದು ಓದಿಸದಿದ್ದರೆ ಆಗದು ಅನ್ನುವವರು ಕ್ಲಾಸಿಗೇ ಹೋಗಿ. ಫೀಸು ಕಟ್ಟುವ ಮೊದಲು ಮಾತ್ರ ಲ್ಯಾಬಿನಲ್ಲಿ ಒಂದು ಫೈಲ್ ಸೇವ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿಸಿ ನೋಡಿ.