ಸಾಕುಪ್ರಾಣಿ ಸತ್ತ ದುಃಖಕ್ಕೆ ಕಿವಿಗೊಡುವ ಸೇವೆಗಳು: ಯಾವುದು ಯಾವಾಗ ಒದಗುತ್ತದೆ?

ಸಾಕಿದ ನಾಯಿಯೋ ಬೆಕ್ಕೋ ಸತ್ತಾಗ ಫೋನ್ ಮಾಡಿ ಮಾತಾಡಲೆಂದೇ ಇರುವ ಸೇವೆಗಳಿವೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಯುಸಿ ಡೇವಿಸ್ ಪಶುವೈದ್ಯ ಕಾಲೇಜು ಇಂಥ ಹೆಲ್ಪ್‌ಲೈನ್ ಆರಂಭಿಸಿದ್ದು 1989ರಲ್ಲಿ. ಸುತ್ತಲಿನವರು ದುಃಖವೆಂದೇ ಒಪ್ಪದ ದುಃಖದ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ ಪುಸ್ತಕ ತಂದದ್ದೂ ಅದೇ ವರ್ಷ. ರಜೆ ಕೇಳಲು ಸಂಕೋಚ, ಅತ್ತರೆ ‘ಇನ್ನೊಂದು ಮರಿ ತಂದರಾಯಿತು’ ಎಂಬ ಸಲಹೆ. ಈ ಸೇವೆಗಳ ಮೊದಲ ಲಾಭವೆಂದರೆ ಅಲ್ಲಿ ಈ ಸಲಹೆ ಕೇಳಿಬರುವುದಿಲ್ಲ.

ಬ್ರಿಟನ್ನಿನ ಬ್ಲೂ ಕ್ರಾಸ್ ಸಂಸ್ಥೆಯದು ಉಚಿತ ಸೇವೆ. ತರಬೇತಿ ಪಡೆದ ಸ್ವಯಂಸೇವಕರು ಫೋನ್, ಇಮೇಲ್, ಚಾಟ್ ಮೂಲಕ ಸಿಗುತ್ತಾರೆ. ನಡುರಾತ್ರಿ ನಿದ್ದೆ ಬಾರದವರಿಗೆ ನಮ್ಮ ಆಯ್ಕೆ ಇಮೇಲ್. ಉತ್ತರ ಕೂಡಲೇ ಬರುವುದಿಲ್ಲ ನಿಜ, ಆದರೆ ಬರೆಯುವಾಗ ಗಂಟಲು ಕಟ್ಟಿದರೂ ತೊಂದರೆಯಿಲ್ಲ, ಬಂದ ಉತ್ತರವನ್ನು ಮತ್ತೆ ಮತ್ತೆ ಓದಬಹುದು. ಇಂಗ್ಲಿಷಿನಲ್ಲಿ ಮಾತಾಡಲು ತಡವರಿಸುವವರಿಗಂತೂ ಇದೇ ಸಲೀಸು.

1997ರಲ್ಲಿ ವಾಲೆಸ್ ಸೈಫ್ ಸ್ಥಾಪಿಸಿದ, ಸಾಕುಪ್ರಾಣಿ ಕಳೆದುಕೊಂಡವರಿಗಾಗಿಯೇ ಇರುವ ಅಮೆರಿಕದ ಸಂಸ್ಥೆ ಎಪಿಎಲ್‌ಬಿ (ಅಸೋಸಿಯೇಷನ್ ಫಾರ್ ಪೆಟ್ ಲಾಸ್ ಅಂಡ್ ಬಿರೀವ್‌ಮೆಂಟ್) ನಿಗದಿತ ಹೊತ್ತಿನಲ್ಲಿ ಗುಂಪು ಚಾಟ್ ನಡೆಸುತ್ತದೆ. ಗುಂಪಿನ ಗುಣವೂ ದೋಷವೂ ಒಂದೇ: ಎಲ್ಲರೂ ಕಳೆದುಕೊಂಡವರೇ. ಪ್ರಾಣಿ ಸತ್ತ ನಾಲ್ಕನೆಯ ದಿನಕ್ಕೇ ಬಂದವರು ಬೇರೆಯವರ ಪ್ರಾಣಿಗಳ ಸಾವಿನ ವಿವರ ಓದಿ ಇನ್ನಷ್ಟು ಕುಸಿಯಬಹುದು. ಮೊದಲ ವಾರ ಒಬ್ಬರೊಡನೆ ಮಾತಾಡಿ, ಗುಂಪು ಆಮೇಲಿರಲಿ. ಮೇಲ್ವಿಚಾರಕರೇ ಇಲ್ಲದ ಗುಂಪುಗಳ ಸಹವಾಸ ಬೇಡ. ‘ಆ ಔಷಧಿ ಕೊಟ್ಟಿದ್ದರೆ ಉಳಿಯುತ್ತಿತ್ತು’ ಎಂದು ಯಾರೋ ಬರೆದ ಒಂದು ಸಾಲು ತಿಂಗಳುಗಟ್ಟಲೆ ಕಾಡುತ್ತದೆ.

ಸೇವೆಯ ಗುಣಮಟ್ಟ ತಿಳಿಯುವುದು ದಯಾಮರಣದ ಮಾತು ಬಂದಾಗ. ಬಹಳಷ್ಟು ಜನರನ್ನು ಕಾಡುವುದು ಕೊನೆಯ ಐದು ನಿಮಿಷ: ಕಣ್ಣು ತೆರೆದೇ ಇತ್ತು, ಉಸಿರು ನಿಂತ ಮೇಲೆ ಮತ್ತೊಮ್ಮೆ ಎಳೆಯಿತು, ಕಾಲು ಅದುರಿತು, ನೋವಾಗಿತ್ತೇ? ಇದಕ್ಕೆ ‘ಚಿಂತಿಸಬೇಡಿ’ ಎನ್ನುವುದು ಉತ್ತರವಲ್ಲ. ಸಾಮಾನ್ಯವಾಗಿ ಕೊಡುವ ಪೆಂಟೋಬಾರ್ಬಿಟಾಲ್ ಅರಿವಳಿಕೆಯ ಜಾತಿಯ ಔಷಧಿ. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು, ಹೃದಯ. ರೆಪ್ಪೆ ಮುಚ್ಚಲು ಸ್ನಾಯು ಕೆಲಸ ಮಾಡಬೇಕು, ಹಾಗಾಗಿ ಕಣ್ಣು ತೆರೆದೇ ಉಳಿಯುತ್ತದೆ. ಆ ಉಸಿರು, ಅದುರು ಅರಿವಿಲ್ಲದ ದೇಹದ ಪ್ರತಿವರ್ತನೆ. ಕೇಳಿಸಿಕೊಳ್ಳುವವರಿಗೆ ಇಷ್ಟು ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ನಿಮ್ಮ ಪಶುವೈದ್ಯರನ್ನೇ ಕೇಳಿ ಎನ್ನುವಷ್ಟಾದರೂ ಪ್ರಾಮಾಣಿಕತೆ ಇರಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ ಹೆಲ್ಪ್‌ಲೈನಿನಂತೆ ಪಶುವೈದ್ಯ ವಿದ್ಯಾರ್ಥಿಗಳು ನಡೆಸುವ ಸೇವೆಗಳಿಗೆ ಇಲ್ಲಿ ಒಂದು ಅಂಕ ಹೆಚ್ಚು: ಮೂತ್ರಪಿಂಡ ಸೋತಿತ್ತು ಎಂದರೆ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕರೆಗೆ ಮುಂಚೆ ಒಂದು ಚೀಟಿ ಬರೆದಿಟ್ಟುಕೊಳ್ಳಿ: ಪ್ರಾಣಿಯ ಹೆಸರು, ವಯಸ್ಸು, ಏನಾಗಿತ್ತು, ಯಾವತ್ತು ಹೋಯಿತು, ನಿಮ್ಮನ್ನು ಕೊರೆಯುತ್ತಿರುವ ಒಂದೇ ಒಂದು ಪ್ರಶ್ನೆ. ಇದಿಲ್ಲದಿದ್ದರೆ ಕರೆಯ ಅರ್ಧ ಹೊತ್ತು ಕಾಯಿಲೆಯ ಚರಿತ್ರೆಗೇ ಹೋಗುತ್ತದೆ, ಪ್ರಶ್ನೆ ಉಳಿದುಬಿಡುತ್ತದೆ.

ಸಾಯುವ ತನಕ ಕಾಯಬೇಕೆಂದೂ ಇಲ್ಲ. ಪ್ರಾಣಿ ಹಾಸಿಗೆ ಹಿಡಿದಾಗಲೇ ಬ್ಲೂ ಕ್ರಾಸ್‌ಗೆ ಕರೆ ಮಾಡಬಹುದು. ಆ ಹಂತದಲ್ಲಿ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ರೂಪಿಸಿದ ಅಳತೆಪಟ್ಟಿ ಕೈಯಲ್ಲಿರಲಿ: ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬ ಏಳು ಅಂಶಗಳಿಗೆ ತಲಾ 0ಯಿಂದ 10 ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ (ನೋವಾದರೆ, ಕಡಿಮೆಯಿದ್ದಷ್ಟೂ) ಅಂಕ ಹೆಚ್ಚು. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು ಎಂದರ್ಥ. ದಿನಾಂಕ ಹಾಕಿ ಬರೆದಿಟ್ಟರೆ, ಆಮೇಲೆ ‘ಅವಸರಪಟ್ಟೆವೇ’ ಎಂಬ ಪ್ರಶ್ನೆ ಬಂದಾಗ ತೋರಿಸಲು ಕಾಗದವಿರುತ್ತದೆ.

ಸ್ವಯಂಸೇವಕರು ಚಿಕಿತ್ಸಕರಲ್ಲ. ವಾರಗಟ್ಟಲೆ ಊಟ-ನಿದ್ದೆ ಬಿಟ್ಟವರಿಗೆ ಮನೋವೈದ್ಯರು ಬೇಕು. ಬದುಕೇ ಬೇಡವೆನಿಸಿದರೆ ಅದೇ ದಿನ ಬೇಕು.