ಕಂಡಿ ದೊಡ್ಡದು, ಕಿಟಕಿ ಚಿಕ್ಕದು: ನಾನು ಹಿಡಿದು ನೋಡಿದ ನಾಲ್ಕು ದಾರಿ

ಹಳೆಯ ಮರದ ಕಿಟಕಿಗಳ ಬದಲು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸಲು ಹೊರಟಾಗ ಅಳತೆಯನ್ನು ಹಳೆಯ ಚೌಕಟ್ಟಿನ ಒಳಮೈಯಿಂದ ತೆಗೆದುಕೊಂಡಿದ್ದೆ. ಚೌಕಟ್ಟನ್ನು ಗೋಡೆಯಲ್ಲೇ ಉಳಿಸಿಕೊಂಡು ಅದರೊಳಗೆ ಹೊಸದನ್ನು ಕೂರಿಸುವ ಯೋಚನೆ ಅದು. ಆದರೆ ಬಣ್ಣದ ಪದರದ ಕೆಳಗೆ ಮರ ಕೊಳೆತಿತ್ತು. ಸ್ಕ್ರೂಡ್ರೈವರ್‌ನ ತುದಿ ಒತ್ತಿದರೆ ಸಲೀಸಾಗಿ ಒಳಗಿಳಿಯುತ್ತಿತ್ತು. ಕೀಳದೆ ವಿಧಿಯಿರಲಿಲ್ಲ. ಕೀಳುವಾಗ ಗೋಡೆಯೊಳಗೆ ಹುದುಗಿದ್ದ ಕಬ್ಬಿಣದ ಪಟ್ಟಿಗಳು ಇಟ್ಟಿಗೆಯ ಅಂಚನ್ನೂ ಗಾರೆಯನ್ನೂ ಎಳೆದುಕೊಂಡೇ ಹೊರಬಂದವು. ಒಂದೊಂದು ಕಂಡಿಯ ಗತಿ ಒಂದೊಂದು ಬಗೆಯಾಯಿತು: ಗೋಡೆಯ ಮೂಲೆಯನ್ನು ಚೌಕಟ್ಟಿನವರೆಗೆ ಎಳೆದು ಕಟ್ಟಿದ್ದ ಕಡೆ ಪ್ರತಿ ಬದಿಗೆ 30 ಮಿ.ಮೀ. ಸಂದು, ಮರ ಪೂರ್ತಿ ಒಳಗೆ ಕೂತಿದ್ದ ಕಡೆ 75 ಮಿ.ಮೀ.

ಹೊಸ ಚೌಕಟ್ಟಿಗೂ ಗೋಡೆಗೂ ನಡುವೆ ಪ್ರತಿ ಬದಿಗೆ 5ರಿಂದ 10 ಮಿ.ಮೀ. ಇದ್ದರೆ ಸಾಕು. ಅಷ್ಟು ಬೇಕೇ ಬೇಕು, ಏಕೆಂದರೆ ಬಿಸಿಲಿಗೆ ಯುಪಿವಿಸಿ ಹಿಗ್ಗುತ್ತದೆ: 1.2 ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಸುಮಾರು ಎರಡೂವರೆ ಮಿ.ಮೀ. ಬೆಳೆಯುತ್ತದೆ. ಉಳಿದದ್ದೆಲ್ಲ ನಾವೇ ತುಂಬಿಕೊಡಬೇಕಾದ ಜಾಗ. ಸರಿಯಾದ ಅಳತೆಗೆ ಮತ್ತೆ ಮಾಡಿಸುವುದೇ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಕಿಟಕಿಗಳು ಆಗಲೇ ಮನೆ ಸೇರಿದ್ದವು. ನಾಲ್ಕು ಕಿಟಕಿಗೆ ನಾಲ್ಕು ದಾರಿ ಹಿಡಿದೆ.

ಮೊದಲನೆಯದಕ್ಕೆ ಫೋಮ್. 30 ಮಿ.ಮೀ. ಸಂದು, ಉದ್ದನೆಯ ಸ್ಕ್ರೂಗಳು, ಚೌಕಟ್ಟಿಗೂ ಗೋಡೆಗೂ ನಡುವೆ ಅಲ್ಲಲ್ಲಿ ಪ್ಲಾಸ್ಟಿಕ್ ಬಿಲ್ಲೆಗಳು, ಮಿಕ್ಕ ಜಾಗಕ್ಕೆಲ್ಲ ಡಬ್ಬಿಯಿಂದ ಪಾಲಿಯುರೆಥೇನ್ ಫೋಮ್. ಅರ್ಧ ಗಂಟೆಯಲ್ಲಿ ಮುಗಿದ ಕೆಲಸ. ಮರುದಿನ ಬೆಳಿಗ್ಗೆ ಕಿಟಕಿಯ ಬಾಗಿಲು ಹಾಕಲು ಹೋದರೆ ಮಧ್ಯದಲ್ಲಿ ತಡೆಯುತ್ತಿದೆ. ಚೌಕಟ್ಟಿನ ಬದಿಗೆ ನೇರ ಪಟ್ಟಿಯೊಂದನ್ನು ಹಿಡಿದು ನೋಡಿದೆ: ಉಬ್ಬಿದ ಫೋಮ್ ಅದನ್ನು ನಾಲ್ಕು ಮಿ.ಮೀ. ಒಳಕ್ಕೆ ಬಗ್ಗಿಸಿತ್ತು. ಎಲ್ಲವನ್ನೂ ಚಾಕುವಿನಲ್ಲಿ ಕೊಯ್ದು ತೆಗೆಯಲು ಅರ್ಧ ದಿನ ಹಿಡಿಯಿತು. ಎರಡನೆಯ ಸಲ ಕಡಿಮೆ ಉಬ್ಬುವ ಫೋಮ್ ತಂದೆ, ಚೌಕಟ್ಟಿನ ನಡುವೆ ಅಡ್ಡಪಟ್ಟಿ ಕೊಟ್ಟು ಬಿಗಿಮಾಡಿದೆ, ಇಟ್ಟಿಗೆಗೆ ನೀರು ಚಿಮುಕಿಸಿ (ಫೋಮ್ ಗಟ್ಟಿಯಾಗುವುದು ತೇವದಿಂದ) ಸಂದಿನ ಅರ್ಧದಷ್ಟು ಮಾತ್ರ ತುಂಬಿದೆ. ಈ ಸಲ ಬಾಗಿಲು ಸಲೀಸಾಗಿ ಕೂತಿತು. ಆದರೂ ಗಾಳಿ ಜೋರಾಗಿ ಬೀಸುವಾಗ ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ನಡುಕ ತಿಳಿಯುತ್ತದೆ. ಹೊರಗಡೆ ಮುಚ್ಚದೆ ಬಿಟ್ಟಿದ್ದ ಒಂದು ಗೇಣು ಫೋಮ್ ಕೆಲವೇ ತಿಂಗಳಲ್ಲಿ ಬಿಸಿಲಿಗೆ ಕಂದು ತಿರುಗಿ, ಉಗುರಿನಲ್ಲಿ ಕೆರೆದರೆ ಪುಡಿಯಾಗುತ್ತಿತ್ತು. ಫೋಮ್ ಗಾಳಿಯನ್ನು ತಡೆಯುತ್ತದೆ, ಸದ್ದನ್ನು ತಗ್ಗಿಸುತ್ತದೆ. ಭಾರ ಹೊರುವುದು ಅದರ ಕೆಲಸವಲ್ಲ. ಮೂವತ್ತು ಮಿ.ಮೀ. ಖಾಲಿ ಜಾಗ ದಾಟಿ ಹೋದ ಸ್ಕ್ರೂ ಎಷ್ಟು ದಪ್ಪವಿದ್ದರೂ ಬಾಗುತ್ತದೆ.

ಎರಡನೆಯದಕ್ಕೆ ಮರದ ರೀಪರ್. 45 ಮಿ.ಮೀ. ಸಂದಿಗೆ 35 ಮಿ.ಮೀ. ದಪ್ಪದ, ಔಷಧಿ ಬಳಿದ ಮರವನ್ನು ಕಂಡಿಯ ಸುತ್ತಲೂ ಗೋಡೆಗೆ ಬಿಗಿದು, ಅದರೊಳಗೆ ಕಿಟಕಿ ಕೂರಿಸಿದೆ. ನಾಲ್ಕರಲ್ಲಿ ಕೂರಿಸಲು ಅತ್ಯಂತ ಸುಖವಾದದ್ದು ಇದೇ. ಗೋಡೆ ಎಷ್ಟೇ ಡೊಂಕಾಗಿದ್ದರೂ ಮರದ ಹಿಂದೆ ಬೆಣೆ ಕೊಟ್ಟು ತೂಗುಗುಂಡಿಗೆ ಸರಿಹೊಂದಿಸಬಹುದು. ಸ್ಕ್ರೂ ಎಲ್ಲಿ ಹಾಕಿದರೂ ಕಚ್ಚುತ್ತದೆ. ತೊಂದರೆ ಇರುವುದು ಕೆಳಗಿನ ಪಟ್ಟಿಯಲ್ಲಿ. ಕಿಟಕಿಯ ಕೆಳಗಿನ ಒಳಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟೆ. ಮೊದಲು ಕೆಳಗೆ, ನಂತರ ಮೇಲಕ್ಕೆ, ಎಲ್ಲಿಂದ ಸೋರುತ್ತದೆಂದು ತಿಳಿಯಲಿ ಎಂದು. ಎಡ ಮೂಲೆಯಲ್ಲಿ ಪತ್ರಿಕೆಯ ಮೇಲೆ ಅಂಗೈಯಗಲದ ಒದ್ದೆ ಮೂಡಿತು. ಮರ ನೀರು ಕುಡಿಯುವುದು ಕೊಯ್ದ ತುದಿಯಿಂದ. ಆ ತುದಿಗೆ ಬಣ್ಣ ಬಳಿಯುವುದನ್ನು ಮರೆತಿದ್ದೆ. ಇನ್ನೊಮ್ಮೆ ಮಾಡುವುದಾದರೆ ಎರಡು ಬದಿಗೂ ಮೇಲಕ್ಕೂ ಮರ ಹಾಕುತ್ತೇನೆ, ಕೆಳಗೆ ಮಾತ್ರ ಗಾರೆಯನ್ನೇ ಹಾಕುತ್ತೇನೆ.

ಮೂರನೆಯದಕ್ಕೆ ಕಿಟಕಿ ಮಾಡಿದವರೇ ಕೊಡುವ ವಿಸ್ತರಣೆ ಪಟ್ಟಿ. ಅದೇ ಯುಪಿವಿಸಿ, ಅದೇ ಬಣ್ಣ, ಚೌಕಟ್ಟಿನ ಅಂಚಿಗೆ ಒತ್ತಿ ಕಚ್ಚಿಸುವಂಥದ್ದು. ನೋಟಕ್ಕೆ ಇದನ್ನು ಮೀರಿಸಿದ್ದಿಲ್ಲ. ಆದರೆ ಅದೇ ಮಾದರಿಯ ಪಟ್ಟಿ ಸಿಗಬೇಕು, ಕಚ್ಚಿಸುವ ಮುನ್ನ ಜೋಡಣೆಯ ತೋಡಿನೊಳಗೆ ಸಿಲಿಕೋನ್ ಅಂಟು ಎಳೆಯಬೇಕು, ಸ್ಕ್ರೂ ಅದನ್ನೂ ದಾಟಿ ಗೋಡೆಯನ್ನು ಹಿಡಿಯಬೇಕು. ಒಂದರ ಮೇಲೊಂದು ಎರಡು ಮೂರು ಪಟ್ಟಿ ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ. ಪ್ರತಿ ಜೋಡಣೆಯೂ ನೀರಿಗೊಂದು ಹೊಸ ದಾರಿ.

ನಾಲ್ಕನೆಯದಕ್ಕೆ ಇಟ್ಟಿಗೆ ಮತ್ತು ಗಾರೆ. 75 ಮಿ.ಮೀ. ಸಂದಿಗೆ ಬೇರೆ ಯಾವುದನ್ನೂ ಹಾಕಲು ಮನಸ್ಸು ಒಪ್ಪಲಿಲ್ಲ. ಸಡಿಲವಾದದ್ದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ಹಳೆಯ ಗೋಡೆಗೆ 8 ಮಿ.ಮೀ. ಕಬ್ಬಿಣದ ಸರಳಿನ ತುಂಡುಗಳನ್ನು ಕೊರೆದು ನಾಟಿ, ಗೋಡೆಯನ್ನು ನೆನೆಸಿ ಸಿಮೆಂಟ್ ಹಾಲು ಬಳಿದು, ನೆನೆದ ಇಟ್ಟಿಗೆ ತುಂಡುಗಳನ್ನು ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯಲ್ಲಿ ಕಟ್ಟಿಸಿದೆ. ಏಳು ದಿನ ನೀರು ಹಾಕಿದೆ. ಕಾಯುವುದೇ ಇದರ ಕಷ್ಟ: ಅಷ್ಟೂ ದಿನ ಕಂಡಿಗೆ ಟಾರ್ಪಾಲಿನೇ ಗತಿ, ಮನೆಯೆಲ್ಲ ದೂಳು. ಹೊಸತು ಹಳತು ಸೇರುವಲ್ಲಿ ಕೂದಲೆಳೆಯಂಥ ಬಿರುಕೂ ಬಿಟ್ಟಿತು. ಗಿಲಾವಿನ ಅಡಿಗೆ ತಂತಿ ಜಾಲರಿ ಹಾಕಿಸಿದ್ದರೆ ಅದು ತಪ್ಪುತ್ತಿತ್ತು. ಆದರೆ ಕಿಟಕಿ ಕೂರಿಸುವ ದಿನ ಎಂಥ ನೆಮ್ಮದಿ! ಮೂಲೆಯಿಂದ 150 ಮಿ.ಮೀ. ಬಿಟ್ಟು ಮೊದಲ ಸ್ಕ್ರೂ, ಆಮೇಲೆ 600 ಮಿ.ಮೀ. ಮೀರದಂತೆ ಒಂದೊಂದು, ಪ್ರತಿಯೊಂದೂ ಗಟ್ಟಿ ಗೋಡೆಗೆ. ಉಳಿದ 8 ಮಿ.ಮೀ. ಸಂದಿಗೆ ಫೋಮಿನ ಹುರಿ ತುರುಕಿ ಮೇಲೆ ಸಿಲಿಕೋನ್. ಹುರಿ ಸಂದಿಗಿಂತ ತುಸು ದಪ್ಪವಿರಬೇಕು. ಸಿಲಿಕೋನ್ ಎರಡು ಬದಿಗೆ ಮಾತ್ರ ಅಂಟಿ, ತಳಕ್ಕೆ ಅಂಟದಿದ್ದರೆ ಚೌಕಟ್ಟು ಹಿಗ್ಗಿ ಕುಗ್ಗಿದರೂ ಸೀಳುವುದಿಲ್ಲ.

ಪತ್ರಿಕೆ ಹಾಸಿ ನೀರು ಬಿಟ್ಟಾಗ ಈ ನಾಲ್ಕನೆಯ ಕಿಟಕಿಯಲ್ಲಿ ಒಂದು ಹನಿಯೂ ಒಳಬರಲಿಲ್ಲ. ಕೆಳಗಿನ ಗಾರೆಯನ್ನು ಹೊರಕ್ಕೆ ಇಳಿಜಾರಾಗಿಸಿದ್ದೂ ಅದಕ್ಕೆ ಕಾರಣ. ಉಳಿದ ಮೂರರಲ್ಲಿ ಆ ಇಳಿಜಾರನ್ನು ಕಡೆಗಣಿಸಿದ್ದೆ.

20 ಮಿ.ಮೀ. ದಾಟದ ಸಂದಾದರೆ ಬಿಲ್ಲೆ ಕೊಟ್ಟು ಫೋಮ್, 40ರ ಆಸುಪಾಸಿನಲ್ಲಿ ಮರ ಅಥವಾ ವಿಸ್ತರಣೆ ಪಟ್ಟಿ, ಅದಕ್ಕೂ ಮೇಲೆ ಇಟ್ಟಿಗೆ ಎಂಬುದು ಈಗ ನನ್ನ ಲೆಕ್ಕ. ಮೊದಲ ಕಿಟಕಿಯನ್ನು ಕಳೆದ ವಾರ ಬಿಚ್ಚಿದೆ. 30 ಮಿ.ಮೀ. ಸಂದಿಗೆ ಇಟ್ಟಿಗೆ ಕೂರುವುದಿಲ್ಲ. ಬದಿಗಳಿಗೆ ಮರ ಕೊಯ್ಯಿಸಿ, ತುದಿಗಳಿಗೆ ಮೂರು ಸಲ ಬಣ್ಣ ಬಳಿದು ಒಣಗಲು ಇಟ್ಟಿದ್ದೇನೆ. ಕೆಳಗಿನ ಗಾರೆಗೆ ಇಂದು ನಾಲ್ಕನೆಯ ದಿನದ ನೀರು ಹಾಕಿದೆ.